ಹಿತ್ತಲ ಗಿಡ, ಎದುರಿನ ಮರ

(ಬೆಂಗಳೂರಿನ ಒಂದು ಬಡಾವಣೆಯ ಗ್ರಂಥಾಲಯದಲ್ಲಿ ಏಪ್ರಿಲ್‌ನ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ. ಹಿಂದಿನ ಸಾಲಿನಲ್ಲಿ ಕೂತವರು ದಯವಿಟ್ಟು ಕಿಟಕಿ ಪೂರ್ತಿ ತೆಗೆಯಿರಿ. ಹೊರಗಿನ ಸದ್ದು ಒಳಗೆ ಬರಲಿ. ನನ್ನ ಮಾತಿಗೆ ಅದು ಬೇಕು.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. 1998ರಲ್ಲಿ ಮದುವೆಯಾಗಿ ಬೆಂಗಳೂರಿಗೆ ಬಂದೆ. ಮೊದಲ ಹನ್ನೊಂದು ವರ್ಷ ಮೈ ಇಲ್ಲಿತ್ತು, ಜೀವ ಅಲ್ಲಿತ್ತು. ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದುದು ರಜೆ ಎಣಿಸುವುದಕ್ಕೆ. ಜೂನ್ ಬಂದರೆ ಸಾಕು, ಊರಲ್ಲಿ ಸೂರಿನಂಚಿಂದ ನೀರು ಸುರಿಯುವ ಸದ್ದು ಕಿವಿಯಲ್ಲಿ ಕೂತುಬಿಡುತ್ತಿತ್ತು. ಇಲ್ಲಿ ಸುರಿದರೆ ಅದು ಮಳೆಯೇ ಅಲ್ಲ, ಇಲ್ಲಿಯದು ಗಾಳಿಯೇ ಅಲ್ಲ, ಇಲ್ಲಿಯ ಮರ ಮರವೇ ಅಲ್ಲ. ಊರಿಗೆ ಹೋದಾಗ ಅಣ್ಣನ ಹೆಂಡತಿ ಅಡಿಕೆ ಸುಲಿಯುತ್ತಾ, ‘ನಿಂಗೇನು ಬಿಡೇ ಮಾರಾಯ್ತಿ, ಬೆಂಗಳೂರಲ್ಲಿ ಎಲ್ಲಾ ಕೈಗೇ ಸಿಗತ್ತೆ’ ಅನ್ನುತ್ತಿದ್ದರು. ನಾನು ಅವರ ಅಂಗಳ ನೋಡಿ ಕರುಬುತ್ತಿದ್ದೆ, ಅವರು ನನ್ನ ಊರು ನೆನೆದು ಕರುಬುತ್ತಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ಇಬ್ಬರಿಗೂ ಒಂದೊಂದು ಬೆಟ್ಟ ಇತ್ತು, ಅಷ್ಟೆ.

2009ರಲ್ಲಿ ಸೊಂಟ ಹಿಡಿಯಿತು. ಡಾಕ್ಟರು ಯೋಗ ಮಾಡಿ ಅಂದರು. ಮನೆಯ ಹಿಂದಿನ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ತರಗತಿ ನಡೆಯುತ್ತಿತ್ತು, ಸೇರಿಕೊಂಡೆ. ಮೂರನೆಯದೋ ನಾಲ್ಕನೆಯದೋ ದಿನ ಶವಾಸನದಲ್ಲಿ ಮಲಗಿದ್ದೇನೆ. ಮೈ ಸಡಿಲ ಬಿಡಿ, ಉಸಿರು ತಾನಾಗಿ ಆಡಲಿ ಎಂದು ಗುರುಗಳು ಹೇಳುತ್ತಿದ್ದಾರೆ. ತಲೆಯ ಮೇಲೆ ಎಲ್ಲೋ, ‘ಕುಟ್ರೂ... ಕುಟ್ರೂ... ಕುಟ್ರೂ.’

ಕಣ್ಣು ಮುಚ್ಚಿದ್ದೆ. ಒಂದು ಗಳಿಗೆ ನಾನು ಎಲ್ಲಿದ್ದೇನೆಂದೇ ಗೊತ್ತಾಗಲಿಲ್ಲ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬೇಸಿಗೆಯುದ್ದಕ್ಕೂ ಕೂಗುತ್ತಿದ್ದ ಕುಟ್ರುಹಕ್ಕಿ ಅದು. ಹಸಿರು ಮೈ, ಕಂದು ತಲೆ, ಕೆನ್ನೆಯ ಮೇಲೆ ಬಿಳಿ ಪಟ್ಟೆ. ಎಲೆಯ ನಡುವೆ ಕೂತರೆ ಕಾಣುವುದೇ ಇಲ್ಲ, ಕೂಗಿನಿಂದಲೇ ಪರಿಚಯ. ಮಲೆನಾಡಿನ ಹಕ್ಕಿ ಇಲ್ಲಿ ಹೇಗೆ ಬಂತು ಎಂದು ಗುರುಗಳನ್ನು ಕೇಳಿದೆ. ‘ಬಂದಿದ್ದಲ್ಲಮ್ಮ, ಇಲ್ಲೇ ಇರೋದು. ದಿನಾ ಕೂಗುತ್ತೆ’ ಅಂದರು.

ದಿನಾ ಕೂಗುತ್ತಿತ್ತು. ಹನ್ನೊಂದು ವರ್ಷ ನನ್ನ ಅಡುಗೆಮನೆ ಕಿಟಕಿಯಿಂದ ನೂರು ಹೆಜ್ಜೆಯಲ್ಲಿ ಕೂಗುತ್ತಿತ್ತು, ನನಗೆ ಕೇಳಿರಲಿಲ್ಲ. ಅವತ್ತು ಮನೆಗೆ ಬಂದು ಕಾಫಿ ಸೋಸುತ್ತಾ ಅತ್ತುಬಿಟ್ಟೆ. ಊರಿನ ನೆನಪಿಗೆ ಅತ್ತಿದ್ದಲ್ಲ. ಅಷ್ಟು ವರ್ಷ ಕಳೆದುಕೊಂಡೆನಲ್ಲ ಎಂದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಗಿಡದಲ್ಲಿ ಗುಣವಿಲ್ಲ ಎಂದು ಅದರ ಅರ್ಥವಲ್ಲ. ಹಿತ್ತಲಲ್ಲಿರುವುದಕ್ಕೆ ನಾವು ಬೆಲೆ ಕೊಡುವುದಿಲ್ಲ ಎಂದು ಅದು ನಮ್ಮನ್ನೇ ಬೈಯುತ್ತದೆ. ಇವತ್ತು ನಾನು ಹೇಳಬೇಕಾದ್ದೂ ಇಷ್ಟೇ: ನೆಮ್ಮದಿಗೆ ಬೇಕಾದ ಸಾಮಗ್ರಿ ಬಹುಪಾಲು ಹಿತ್ತಲಲ್ಲೇ ಇರುತ್ತದೆ, ಅದು ಕಣ್ಣಿಗೂ ಕಿವಿಗೂ ಬೀಳುವ ಹಾಗೆ ನಮ್ಮನ್ನು ಹದ ಮಾಡಿಕೊಳ್ಳುವುದಕ್ಕೆ ಯೋಗ ಬೇಕು.

ಪತಂಜಲಿ ಯೋಗಸೂತ್ರದಲ್ಲಿ ಐದು ನಿಯಮಗಳು ಬರುತ್ತವೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಎರಡನೆಯ ಪದದ ಹತ್ತಿರ ನಾವು ಕನ್ನಡಿಗರು ಸ್ವಲ್ಪ ಎಡವುತ್ತೇವೆ. ನಮ್ಮ ಬಾಯಲ್ಲಿ ಸಂತೋಷ ಎಂದರೆ ಖುಷಿ. ‘ನೀವು ಬಂದಿದ್ದು ಬಹಳ ಸಂತೋಷ’ ಅನ್ನುತ್ತೇವೆ. ಸೂತ್ರದ ಸಂತೋಷ ಅದಲ್ಲ, ಅದು ತೃಪ್ತಿ. ‘ಸಂತೋಷಾದನುತ್ತಮಃ ಸುಖಲಾಭಃ’ ಎನ್ನುತ್ತದೆ ಎರಡನೆಯ ಪಾದದ, ಅಂದರೆ ಅಧ್ಯಾಯದ, 42ನೇ ಸೂತ್ರ. ಅನುತ್ತಮ ಎಂದರೆ ಉತ್ತಮವಲ್ಲದ್ದು ಎಂದುಕೊಳ್ಳಬೇಡಿ. ಯಾವುದಕ್ಕಿಂತ ಮೇಲಿನದು ಇನ್ನೊಂದಿಲ್ಲವೋ ಅದು ಅನುತ್ತಮ. ತೃಪ್ತಿಯಿಂದ ಅಂಥ ಸುಖ ಸಿಗುತ್ತದಂತೆ.

ಹಾಗಾದರೆ ತೃಪ್ತಿ ಎಂದರೇನು? ಅದನ್ನು ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಹೇಳುತ್ತದೆ: ‘ಸನ್ನಿಹಿತಸಾಧನಾದಧಿಕಸ್ಯಾನುಪಾದಿತ್ಸಾ’. ಸನ್ನಿಹಿತವಾಗಿರುವ ಸಾಧನಕ್ಕಿಂತ ಹೆಚ್ಚಿನದನ್ನು ಬಾಚಿಕೊಳ್ಳಬೇಕೆಂಬ ಆಸೆ ಇಲ್ಲದಿರುವುದು. ಸನ್ನಿಹಿತ. ನಾವು ದಿನಬಳಕೆಯಲ್ಲಿ ಆಡುವ ಮಾತು. ಹತ್ತಿರದಲ್ಲಿರುವುದು, ಪಕ್ಕದಲ್ಲೇ ಕೂತಿರುವುದು. ಈ ಒಂದು ಶಬ್ದ ಓದಿದ ದಿನ ನನಗೆ ಕುಟ್ರುಹಕ್ಕಿಯೇ ನೆನಪಾಯಿತು.

‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೇ’ ಎಂದು ನನ್ನನ್ನು ಕೇಳಿದವರಿದ್ದಾರೆ. ನನ್ನ ಮಟ್ಟಿಗೆ ಎರಡೂ ಬೇರೆ. ಆ ಗಾದೆ ಖರ್ಚಿನ ಲೆಕ್ಕ ಹೇಳುತ್ತದೆ, ಆಸೆಯನ್ನು ಮಡಚಿಡು ಅನ್ನುತ್ತದೆ. ಭಾಷ್ಯದ ಮಾತು ಹಾಸಿಗೆ ಎಷ್ಟುದ್ದ ಇದೆ ನೋಡಿದ್ದೀಯಾ ಎಂದು ಕೇಳಿದ ಹಾಗಿದೆ. ಸನ್ನಿಹಿತವಾದದ್ದು ಏನು ಎಂದೇ ಗೊತ್ತಿಲ್ಲದವನು ಅದಕ್ಕಿಂತ ಹೆಚ್ಚಿನದು ಬೇಡ ಎಂದು ಹೇಗೆ ಹೇಳಿಯಾನು? ಮೊದಲು ಹತ್ತಿರದ್ದರ ಪಟ್ಟಿ ಆಗಬೇಕು.

ನಾನು ಆ ಪಟ್ಟಿ ಶುರು ಮಾಡಿದೆ. ನಿಜವಾಗಿಯೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಮೊದಲನೆಯದು ಕುಟ್ರುಹಕ್ಕಿ. ಎರಡನೆಯದು, ನಮ್ಮ ಮೂರನೇ ಮಹಡಿಯ ಬಚ್ಚಲ ನೀರಿನ ಪೈಪು ಗೋಡೆಗೆ ಸೇರುವಲ್ಲಿ ಹುಟ್ಟಿಕೊಂಡಿದ್ದ ಒಂದು ಅರಳಿ ಸಸಿ. ಗೇಣುದ್ದ ಇತ್ತು. ಚಿಗುರು ಬಂದಾಗ ತಾಮ್ರದ ತಂಬಿಗೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅರಳಿ ಎಲೆಯ ತುದಿ ಬಾಲದ ಹಾಗೆ ಉದ್ದಕ್ಕೆ ಚಾಚಿರುತ್ತದೆ, ನೋಡಿದ್ದೀರಲ್ಲ? ಮಳೆ ಬಿದ್ದಾಗ ನೀರು ಎಲೆಯ ಮೇಲೆ ನಿಲ್ಲದೆ ಆ ಬಾಲದ ತುದಿಗೆ ಇಳಿದು, ಒಂದು ಹನಿ ತೂಗಿ, ಬಿದ್ದು, ಇನ್ನೊಂದು ಹನಿ ಕಟ್ಟುತ್ತದೆ. ಪಾತ್ರೆ ತೊಳೆಯುತ್ತಾ ಅದನ್ನು ನೋಡಿದ್ದೇನೆ. ಊರಿನ ಸೂರಿನಂಚಿನ ನೀರು ನನಗೆ ಅಲ್ಲಿ ಮತ್ತೆ ಸಿಕ್ಕಿತು, ಅಂಗೈಯಷ್ಟು ಅಗಲದ ಸೂರಿನಲ್ಲಿ.

ಅರಳಿ ಅಲ್ಲಿಗೆ ಬಂದದ್ದು ಹೇಗೆ? ಅರಳಿ, ಆಲ, ಅತ್ತಿ ಹಣ್ಣು ಕುಟ್ರುಹಕ್ಕಿಗೆ ಪಂಚಪ್ರಾಣ. ಹಣ್ಣು ತಿಂದ ಹಕ್ಕಿ ಹಿಕ್ಕೆ ಹಾಕಿದಲ್ಲಿ ಬೀಜ ಮೊಳೆಯುತ್ತದೆ, ಚೂರು ತೇವ ಇದ್ದರೆ ಸಾಕು. ನಾನು ಹನ್ನೊಂದು ವರ್ಷ ಕೇಳಿಸಿಕೊಳ್ಳದ ಹಕ್ಕಿಯೋ ಅದರ ಬಳಗದವೋ ನನ್ನ ಕಿಟಕಿಗೆ ಒಂದು ಗಿಡ ನೆಟ್ಟು ಹೋಗಿರಬೇಕು. ಬೇರು ಗೋಡೆ ಸೀಳುತ್ತದೆ, ತೆಗೆಸಿ ಎಂದು ಅಕ್ಕಪಕ್ಕದವರು ಹೇಳಿದರು. ಅವರು ಹೇಳಿದ್ದು ಸರಿಯೇ. ಒಂದು ಮಳೆಗಾಲ ಮೆತ್ತಗೆ ಬಿಡಿಸಿ, ಪೇಂಟಿನ ಡಬ್ಬಿಯಲ್ಲಿ ಎರಡು ವರ್ಷ ಸಾಕಿ, ಆಮೇಲೆ ಪಾರ್ಕಿನ ಮೂಲೆಯಲ್ಲಿ ನೆಟ್ಟೆವು. ಈಗ ಎರಡಾಳೆತ್ತರ ಇದೆ.

ಬೆಂಗಳೂರಿನ ಮರಗಳನ್ನು ಓದುತ್ತಾ ಹೋದ ಹಾಗೆ ನನಗೆ ಇನ್ನೊಂದು ಸಮಾಧಾನ ಸಿಕ್ಕಿತು. ನನ್ನ ಹಾಗೆ ಬಂದು ಸೇರಿದವರೇ ಇಲ್ಲಿ ಬಹಳ! ಗುಲ್‌ಮೊಹರ್ ಮಡಗಾಸ್ಕರಿನದು. ಜಕರಾಂಡ ದಕ್ಷಿಣ ಅಮೆರಿಕದ್ದು. ನಾವು ಹುಡುಗಾಟಕ್ಕೆ ಮೊಗ್ಗು ಹಿಸುಕಿ ನೀರು ಚಿಮ್ಮಿಸುವ ನೀರುಕಾಯಿ ಮರ ಆಫ್ರಿಕಾದಿಂದ ಬಂದದ್ದು. ಹೊರಗೆ ನಿಂತಿರುವ ಈ ದೊಡ್ಡ ಮಳೆಮರದ ತವರೂ ಅಮೆರಿಕ ಖಂಡವೇ. ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬಿರಿಯಬೇಕು, ಬೀದಿ ಯಾವ ತಿಂಗಳೂ ಬರಿದಾಗಬಾರದು ಎಂದು ಯೋಚಿಸಿ ನೆಡಿಸಿದವರು ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡನ್ ಕಡೆಯವರು, 1908ರಲ್ಲಿ ಲಾಲ್‌ಬಾಗಿಗೆ ಬಂದರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ, ಅವರ ಸಮಾಧಿಯೂ ಇಲ್ಲೇ ಇದೆ. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಐದೇ ವರ್ಷದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ನಾನು ‘ಮರವೇ ಅಲ್ಲ’ ಎಂದು ಮೂಗು ಮುರಿದ ಸಾಲುಮರಗಳಲ್ಲಿ ಎಷ್ಟೋ ಮರ ಆ ಮಹಾನುಭಾವರ ಕೈಯವು.

ಇವುಗಳ ನಡುವೆ ನಿಂತ ಹೊಂಗೆ ನಮ್ಮ ನೆಲದ್ದೇ. ಯುಗಾದಿಗೆ ಅದರ ಚಿಗುರು ನೋಡಬೇಕು! ಬಿಸಿಲಿಗೆ ಹಿಡಿದರೆ ಎಲೆಯೊಳಗೆ ದೀಪ ಹಚ್ಚಿಟ್ಟ ಹಾಗೆ. ಈಗ ಏಪ್ರಿಲ್, ಹೂ ಉದುರುವ ಕಾಲ. ಬೆಳಿಗ್ಗೆ ಪಾರ್ಕಿಗೆ ಹೋದರೆ ನೆಲದ ಮೇಲೆ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಚಾಪೆ ಹಾಸುವ ಮುಂಚೆ ಗುಡಿಸುತ್ತಿದ್ದೆವು, ಈಗ ಗುಡಿಸುವುದಿಲ್ಲ.

ಯೋಗದ ವಿಷಯಕ್ಕೆ ಬರುತ್ತೇನೆ. ಅದೂ ನಮಗೆ ಹಿತ್ತಲ ಗಿಡವೇ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರು ಬರೆದ ‘ಯೋಗ ಮಕರಂದ’ ಕನ್ನಡದ ಪುಸ್ತಕ. ಅವರ ಶಿಷ್ಯರಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಪಟ್ಟಾಭಿ ಜೋಯಿಸರು ಹಾಸನದ ಹತ್ತಿರದ ಕೌಶಿಕದವರು. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್ ಎಂದು ಕಾಯಿಲೆಯಿಂದ ಕಾಯಿಲೆಗೆ ಬಿದ್ದ ಹುಡುಗ. ಆ ಮೈಯನ್ನೇ ಸನ್ನಿಹಿತ ಸಾಧನವೆಂದು ಹಿಡಿದು ಅಭ್ಯಾಸ ಮಾಡಿದರು. ಇದ್ದ ಮೈಯಿಂದ ಶುರು ಮಾಡುವುದು ಎಂಬುದನ್ನು ನಾನು ಅವರ ಬದುಕಿನಿಂದ ಕಲಿತೆ. ನನ್ನ ಹಿಡಿದ ಸೊಂಟವೂ ನನ್ನದೇ ತಾನೇ.

ಈಗ ನಾನೇ ಆ ಪಾರ್ಕಿನಲ್ಲಿ ಹೇಳಿಕೊಡುತ್ತೇನೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬರುತ್ತಾರೆ, ಕಲಬುರಗಿ ಕಡೆಯವರು. ಮಗನ ಮನೆಗೆ ಬಂದು ಎರಡು ವರ್ಷವಾಗಿತ್ತು. ‘ಇಲ್ಲಿ ಮನಸ್ಸ ಹತ್ತವಲ್ದರೀ ಬಾಯಾರ’ ಅನ್ನುತ್ತಿದ್ದರು. ವೃಕ್ಷಾಸನದಲ್ಲಿ ಅವರಿಗೆ ಒಂದು ಕಾಲಿನ ಮೇಲೆ ಐದು ಎಣಿಸುವಷ್ಟೂ ನಿಲ್ಲಲಾಗುತ್ತಿರಲಿಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕಂಬದ ಹಾಗೆ ನಿಲ್ಲಲು ನೋಡುವರು. ಒಂದು ದಿನ ಅವರನ್ನು ಹೊಂಗೆಮರದ ಎದುರು ನಿಲ್ಲಿಸಿ, ಕಾಂಡ ನೆಲಕ್ಕೆ ಸೇರುವ ಜಾಗವನ್ನೇ ನೋಡಿ, ಎತ್ತಿದ ಪಾದ ಹಿಮ್ಮಡಿಯ ಮೇಲಿದ್ದರೂ ಸಾಕು, ಕೈ ಬೇಕಾದರೆ ಮರಕ್ಕೆ ಒರಗಿಸಿ ಅಂದೆ. ಸ್ವಲ್ಪ ಹೊತ್ತಿಗೆ ನಿಂತ ಕಾಲಿನ ಗಿಣ್ಣು ಅತ್ತಿತ್ತ ಅಲುಗತೊಡಗಿತು. ‘ನಡಗಾಕತ್ತದರೀ’ ಅಂದರು. ನಡುಗಲಿ ಬಿಡಿ, ಮೇಲೆ ನೋಡಿ, ಮರವೂ ಅಲುಗುತ್ತಿದೆ, ಬಿದ್ದಿದೆಯೇ ಎಂದೆ.

ಗಿಣ್ಣಿನ ಆ ಸಣ್ಣ ಅಲುಗಾಟವೇ ಸಮತೋಲನ. ಸ್ನಾಯುಗಳು ಗಳಿಗೆಗಳಿಗೆಗೂ ತಿದ್ದಿಕೊಳ್ಳುತ್ತಾ ಹೋಗುತ್ತವೆ. ಅದನ್ನು ತಡೆಯಲು ಮೈ ಬಿಗಿದಷ್ಟೂ ಬೇಗ ಬೀಳುತ್ತೇವೆ. ‘ಸ್ಥಿರಸುಖಮಾಸನಮ್’, ಸ್ಥಿರವೂ ಸುಖವೂ ಆಗಿರುವುದೇ ಆಸನ, ಎಂದು ಹೇಳಿ ಅದರ ಮುಂದಿನ ಸೂತ್ರದಲ್ಲೇ ಪತಂಜಲಿ ‘ಪ್ರಯತ್ನಶೈಥಿಲ್ಯ’ ಅನ್ನುತ್ತಾರೆ, ಪ್ರಯತ್ನವನ್ನೇ ಸಡಿಲ ಬಿಡುವುದು. ಹಿರಿಯರು ಮೂರು ತಿಂಗಳಲ್ಲಿ ಮೂವತ್ತು ಎಣಿಸುವಷ್ಟು ನಿಂತರು. ಅದಕ್ಕಿಂತ ನನಗೆ ಹೆಚ್ಚು ಹಿತವಾದದ್ದು ಬೇರೆ. ತರಗತಿ ಇಲ್ಲದ ದಿನವೂ ಅವರು ಬಂದು ಆ ಮರದ ಬುಡದಲ್ಲಿ ಕೂರತೊಡಗಿದರು. ‘ನಮ್ಮ ಹೊಲದ ಬದುವಿನ್ಯಾಗ ಇಂಥಾದ್ದ ಒಂದ ಐತ್ರಿ’ ಎಂದು ಒಂದು ದಿನ ಎಲೆ ಸವರಿ ತೋರಿಸಿದರು.

ತರಗತಿಯ ಕೊನೆಯ ಹತ್ತು ನಿಮಿಷ ಎಲ್ಲರನ್ನೂ ಮಲಗಿಸಿ, ಕೇಳುವ ಸದ್ದುಗಳನ್ನು ದೂರದಿಂದ ಹತ್ತಿರಕ್ಕೆ ಎಣಿಸಿ ಅನ್ನುತ್ತೇನೆ. ಮುಖ್ಯರಸ್ತೆಯ ಬಸ್ಸು, ಯಾರದೋ ಮನೆಯ ಕುಕ್ಕರಿನ ಸೀಟಿ, ಮೇಲೆ ಸುತ್ತುವ ಹದ್ದಿನ ಕಿರುಚು, ಪಿಕಳಾರ, ಅಳಿಲು, ಪಕ್ಕದವರ ಉಸಿರು, ತನ್ನ ಉಸಿರು. ಇದು ಪ್ರತ್ಯಾಹಾರ ಎಂದು ನಾನು ಹೇಳುವುದಿಲ್ಲ. ಪ್ರತ್ಯಾಹಾರದಲ್ಲಿ ಇಂದ್ರಿಯಗಳು ಒಳಕ್ಕೆ ತಿರುಗುತ್ತವೆ. ಇದು ಅದಕ್ಕೂ ಕೆಳಗಿನ ಮೆಟ್ಟಿಲು. ಆದರೆ ಸದ್ದಿನ ಜೊತೆ ಜಗಳವಾಡುವವರಿಗೆ ಒಳಕ್ಕೆ ಹೋಗುವ ದಾರಿ ಸಿಗುವುದಿಲ್ಲ, ಅದನ್ನು ಹದಿನೈದು ವರ್ಷದಿಂದ ಕಣ್ಣಾರೆ ನೋಡಿದ್ದೇನೆ. ಒಂದು ಎಚ್ಚರಿಕೆ ಮಾತ್ರ: ಪ್ರಾಣಾಯಾಮವನ್ನು ವಾಹನ ಓಡಾಡುವ ರಸ್ತೆಯ ಅಂಚಿನಲ್ಲಿ ಮಾಡಬೇಡಿ. ಒಳಗೆ ಕೂತು ಮಾಡಿ.

ಪಾರ್ಕು ಹತ್ತಿರವಿಲ್ಲ, ಮೊಣಕಾಲು ಬಿಡುವುದಿಲ್ಲ ಅನ್ನುವವರಿದ್ದೀರಿ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. 23 ಜನರ ಕಿಟಕಿಗೆ ಮರ ಕಾಣುತ್ತಿತ್ತು, 23 ಜನರ ಕಿಟಕಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮುಂಚೆ ಮನೆಗೆ ಹೋದರು, ಬಲವಾದ ನೋವಿನ ಮದ್ದನ್ನೂ ಕಡಿಮೆ ತೆಗೆದುಕೊಂಡರು. ಸಣ್ಣ ಅಧ್ಯಯನ, ಆದರೆ ನನ್ನ ಅಡುಗೆಮನೆ ಕಿಟಕಿ ಅದಕ್ಕೆ ಹೂಂಗುಡುತ್ತದೆ. ಮಂಚವನ್ನೋ ಕುರ್ಚಿಯನ್ನೋ ಒಂದು ಮರದ ಕಡೆಗೆ ತಿರುಗಿಸಿಕೊಳ್ಳಿ. ಮರ ಇಲ್ಲದಿದ್ದರೆ ಆಕಾಶ ಇದೆ.

ಆಗುವವರು ಒಂದು ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿ. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿದ, ಕೆಂಪೇಗೌಡರ ಗೋಪುರ ಅದಕ್ಕೂ ಹಳೆಯದು, ಆ ಬಂಡೆ ಸುಮಾರು 300 ಕೋಟಿ ವರ್ಷದ್ದು. ಮುಂಜಾವದಲ್ಲಿ ಕಲ್ಲು ತಣ್ಣಗಿರುತ್ತದೆ. ಸುಮ್ಮನೆ ಪದ್ಮಾಸನವೋ ಸುಖಾಸನವೋ ಹಾಕಿ ಕೂತು, ಅಂಗೈ ಕಲ್ಲಿಗೆ ಊರಿ. ಈ ಊರಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಲೆಕ್ಕ ಅಲ್ಲಿ ತಾನಾಗಿ ಬಿಟ್ಟುಹೋಗುತ್ತದೆ.

ತೃಪ್ತಿ ಎಂದರೆ ಬಂದದ್ದೆಲ್ಲ ಬರಲಿ ಎಂದು ಕೈಕಟ್ಟಿ ಕೂರುವುದಲ್ಲವೇ ಎಂದು ಎಳೆಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರ ಕಡಿಯುತ್ತಾರೆ ಎಂದಾಗ, ಅಕ್ಟೋಬರಿನ ಒಂದು ಭಾನುವಾರ ಸಾವಿರಾರು ಜನ ರಸ್ತೆಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಮುಂದಿನ ವರ್ಷ ಸರ್ಕಾರ ಆ ಯೋಜನೆ ಕೈಬಿಟ್ಟಿತು. ನಾನೂ ಆ ಸಾಲಿನಲ್ಲಿದ್ದೆ. ಕುಟ್ರುಹಕ್ಕಿ ಕೇಳಿಸದ ಹಳೆಯ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಬೇರೆಯವರ ಊರಿನ ಮರ ತಾನೇ ಎಂದು ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಇಲ್ಲಿ ನೆಮ್ಮದಿ ಸಿಕ್ಕಿದ್ದರಿಂದಲೇ ನನಗೆ ಇಲ್ಲಿಯದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಂದ ಹಾಗೆ 1976ರ ಮರ ಸಂರಕ್ಷಣಾ ಕಾಯಿದೆ ಇದೆ, ಕೆಲವು ಜಾತಿಯ ಮರ ಬಿಟ್ಟರೆ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ನಿಮ್ಮ ಬೀದಿಯಲ್ಲಿ ಕೊಡಲಿ ಕಂಡರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ.

ನನಗಿಂತ ಚೆನ್ನಾಗಿ ಇದನ್ನೆಲ್ಲ ಬಲ್ಲವರೊಬ್ಬರು ಇದೇ ಕಟ್ಟಡದ ಹೊರಗೆ ಕೂರುತ್ತಾರೆ. ಹೂ ಮಾರುವ ಅಮ್ಮ. ಬೆಳಿಗ್ಗೆ ಅವರ ಬುಟ್ಟಿ ಮಳೆಮರದ ಬುಡಕ್ಕೆ ಪಡುವಣ ದಿಕ್ಕಿನಲ್ಲಿರುತ್ತದೆ. ಹನ್ನೊಂದಕ್ಕೆ ಬುಡದ ಹತ್ತಿರಕ್ಕೆ ಬರುತ್ತದೆ. ಮೂರು ಗಂಟೆಗೆ ಮೂಡಣಕ್ಕೆ, ಗೇಟಿನ ಪಕ್ಕಕ್ಕೆ. ಗಡಿಯಾರ ನೋಡುವುದಿಲ್ಲ, ನೆರಳು ಸರಿದ ಹಾಗೆ ತಾವೂ ಸರಿಯುತ್ತಾರೆ. ‘ಈ ಮರ ಇಲ್ದಿದ್ರೆ ಹನ್ನೊಂದಕ್ಕೆಲ್ಲ ಹೂ ಬಾಡೋಗ್ತಿತ್ತು ಕಣಮ್ಮ’ ಎಂದು ಒಮ್ಮೆ ಹೇಳಿದರು. ಒದ್ದೆ ಗೋಣಿತಟ್ಟಿನ ಕೆಳಗೆ ಮೊಗ್ಗು, ಮೇಲೆ ಮರ. ಸಂಜೆ ಮರ ಎಲೆ ಮಡಚುತ್ತದೆ. ‘ಅದು ಮಲಗಕ್ಕೋಯ್ತು, ನಾನೂ ಹೊಂಟೆ’ ಎಂದು ಉಳಿದ ಮೊಳಗಳನ್ನು ಎತ್ತಿಕೊಳ್ಳುತ್ತಾರೆ.

ಪ್ರಶ್ನೆಗಳಿದ್ದರೆ ಕೇಳಿ ಎನ್ನಬೇಕು, ಆದರೆ ಆರೂಕಾಲು ಆಗಿದೆ. ಮಳೆಮರದ ಎಲೆ ಮಡಚುವುದನ್ನು ನಿಮ್ಮಲ್ಲಿ ಎಷ್ಟು ಜನ ನಿಂತು ನೋಡಿದ್ದೀರಿ? ಮೂರೇ ಕೈ. ಹಾಗಾದರೆ ಚಪ್ಪಲಿ ಹಾಕಿಕೊಳ್ಳಿ, ಪ್ರಶ್ನೆಗಳನ್ನು ಮರದ ಕೆಳಗೇ ಕೇಳಿ. ಮೊಣಕಾಲು ನೋವಿರುವವರಿಗೆ ಈ ಎರಡು ಕುರ್ಚಿಗಳನ್ನು ಯಾರಾದರೂ ಹೊರಗೆ ತನ್ನಿ.